ಏಳದ ಗೆರೆ

ಹಾಡು ಕಟ್ಟುವ ಕೆಲಸವನ್ನು ಯಂತ್ರಗಳು ವಹಿಸಿಕೊಂಡು ಬಹಳ ವರ್ಷಗಳಾಗಿದ್ದವು. ಕೇಳುವವರ ನಾಡಿ ಹಿಡಿದು, ಆ ಗಳಿಗೆಗೆ ಒಗ್ಗುವ ಹಾಡು ಅವರವರ ಕಿವಿಯಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತಿತ್ತು. ಆದರೂ ಹೊಸ ಧಾಟಿಯೊಂದನ್ನು ಜನರಿಗೆ ಬಿಡುವ ಮೊದಲು ಮನುಷ್ಯರ ಮೈಮೇಲೆ ಅದನ್ನು ಪರೀಕ್ಷಿಸಲೇಬೇಕಿತ್ತು. ಅಂಥವರನ್ನು ಕೇಳುಗರು ಎನ್ನುತ್ತಿದ್ದರು. ಅವಳು ಹತ್ತೊಂಬತ್ತು ವರ್ಷಗಳಿಂದ ಆ ಕೆಲಸದಲ್ಲಿದ್ದಳು.

ಮೂರನೇ ಮಹಡಿಯಲ್ಲಿ ಕಿಟಕಿಯಿಲ್ಲದ ಕೋಣೆ, ಒರಗಿಕೊಳ್ಳುವ ಕುರ್ಚಿ, ಮುಂಗೈಗೆ ಒಂದು ಪಟ್ಟಿ. ಹಾಡು ನಾಟಿದರೆ ಮೈ ಜುಮ್ಮೆಂದು ಕೂದಲು ನಿಮಿರುತ್ತಿತ್ತು. ಪಟ್ಟಿ ಅದನ್ನು ಅಳೆದಂತೆ ಪರದೆಯ ಮೇಲೆ ಹಸಿರು ಗೆರೆ ಏಳುತ್ತಿತ್ತು. ಬಾಯಿ ಸುಳ್ಳು ಹೇಳಬಹುದು, ಚರ್ಮಕ್ಕೆ ಅದು ಬರುವುದಿಲ್ಲ. ಅವಳ ಗೆರೆ ಎದ್ದರೆ ಹಾಡು ಗೆದ್ದಂತೆಯೇ ಎಂದು ಕಚೇರಿಯಲ್ಲಿ ಎಲ್ಲರೂ ನಂಬಿದ್ದರು.

ಗಂಡ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಮೊದಲೇ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಎರಡು ವಾರ ರಜೆ ಹಾಕಿ ಅವಳು ಕೆಲಸಕ್ಕೆ ಮರಳಿದಳು. ಅಂದಿನಿಂದ ಗೆರೆ ಮಲಗಿಬಿಟ್ಟಿತು. ಅತ್ತಳೇ ಎಂದರೆ ಅದೂ ಇಲ್ಲ. ಬಸ್ಸು ಹಿಡಿಯುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು.

ಮಗಳು ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ಅಮ್ಮ ಕಲ್ಲಿನಂತೆ ಕೂತಿರುವುದನ್ನು ನೋಡಲಾರದೆ, ಫೋನುಗಳಲ್ಲಿ ಉಳಿದಿದ್ದ ಅಪ್ಪನ ಮಾತುಗಳನ್ನೆಲ್ಲ ಕಲೆಹಾಕಿ, ಸತ್ತವರ ದನಿಯಲ್ಲಿ ಹಾಡು ಕಟ್ಟಿಕೊಡುವ ಒಂದು ಕಂಪನಿಗೆ ಕೊಟ್ಟಳು. ಭಾನುವಾರ ಬೆಳಿಗ್ಗೆ ಅಡುಗೆಮನೆಯ ಸ್ಪೀಕರಿನಿಂದ ಅಪ್ಪ ಹಾಡಿದ. ಮಗಳು ಬಾಗಿಲಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು.

ಅವಳು ಪಾತ್ರೆ ಉಜ್ಜುವುದನ್ನು ನಿಲ್ಲಿಸಿ ಪೂರ್ತಿ ಕೇಳಿದಳು. ಅವನದೇ ದನಿ, ಕೊನೆಯಲ್ಲಿ ಅವನ ಹಾಗೆಯೇ ಸಣ್ಣಗೆ ಕೆಮ್ಮು.

"ಏನನ್ನಿಸ್ತಮ್ಮಾ?"

"ಚೆನ್ನಾಗಿದೆ."

"ಅಷ್ಟೇನಾ?"

"ನಿಮ್ಮಪ್ಪನಿಗೆ ಶ್ರುತಿ ಅಂದ್ರೇನು ಅಂತಾನೇ ಗೊತ್ತಿರಲಿಲ್ಲ. 'ನಾನು ಹಾಡಿದ್ರೆ ಕೆಟ್ಟ ಲಿಫ್ಟೂ ಹೆದರಿ ಓಡುತ್ತೆ' ಅನ್ನೋರು. ಇದರಲ್ಲಿರೋರು ತುಂಬಾ ಚೆನ್ನಾಗಿ ಹಾಡ್ತಾರೆ."

ಮಗಳು ಮುಖ ಒರೆಸಿಕೊಂಡು ಕಂಪನಿಗೆ ಬರೆದಳು. ಎರಡು ದಿನದಲ್ಲಿ ಅಪಸ್ವರದ ಪ್ರತಿಯೂ ಬಂತು. ಅಪಸ್ವರವನ್ನೂ ಅಳೆದು ತೂಗಿ ಇಟ್ಟಿದ್ದರು. ಅವಳು ಅದನ್ನೂ ಕೇಳಿ, ತನ್ನ ಮುಂಗೈ ನೋಡಿಕೊಂಡಳು. ಕೂದಲು ಮಿಸುಕಲಿಲ್ಲ.

"ಇಷ್ಟೊಂದು ಕಷ್ಟಪಟ್ಟಿದೀಯ" ಎಂದಳು. ಮಗಳು ಸ್ಪೀಕರನ್ನು ತನ್ನ ಕೋಣೆಗೆ ಒಯ್ದಳು.

ಎಂಟನೇ ತಿಂಗಳು ಮೇಲ್ವಿಚಾರಕ ಕರೆಸಿದ. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು, ಮೊದಲಿನಿಂದಲೂ ಅಕ್ಕ ಎನ್ನುತ್ತಿದ್ದವನು.

"ಅಕ್ಕಾ, ಎಂಟು ತಿಂಗಳಾಯ್ತು. ನಿಮ್ಮ ಗೆರೆ ಒಂದು ಸಲಾನೂ ಎದ್ದಿಲ್ಲ."

"ನೋಡಿದೀನಿ. ನಾಳೆಯಿಂದ ಬರೋದು ಬೇಡ್ವಾ?"

"ಅಯ್ಯೋ, ಹಾಗಲ್ಲ." ಅವನು ಕುರ್ಚಿ ಎಳೆದುಕೊಂಡು ಹತ್ತಿರ ಕೂತ. "ಬೇರೆಯವರ ಗೆರೆ ಎಷ್ಟು ಎದ್ದಿದೆ ಅಂತ ಅಳೆಯೋಕೆ ಸೊನ್ನೆ ಎಲ್ಲಿದೆ ಅಂತ ಗೊತ್ತಿರಬೇಕು. ನಿದ್ದೆಯಲ್ಲಿರೋರ ಕೂದಲೂ ಅಲುಗುತ್ತೆ. ನಿಮ್ಮದು ಅಲುಗಲ್ಲ. ಮೇಲಿನವರು ನಿಮ್ಮನ್ನೇ ಸೊನ್ನೆ ಅಂತ ಇಟ್ಕೋಬೇಕಂತಾರೆ." ಅವನು ತಲೆ ತಗ್ಗಿಸಿದ. "ಕೇಳೋಕೆ ನಾಚಿಕೆ ಆಗುತ್ತಕ್ಕಾ. ಬೇಡ ಅಂದ್ಬಿಡಿ, ನಾನು ನೋಡ್ಕೋತೀನಿ."

ಅವಳಿಗೆ ಅವಮಾನವಾಗಲಿಲ್ಲ. ಆಗಬೇಕಿತ್ತು ಎಂದು ಮಾತ್ರ ತಿಳಿಯಿತು.

"ಕೆಲಸದ ಹೊತ್ತು ಅದೇನಾ?"

"ಅದೇ."

ಅವಳು ಸಹಿ ಮಾಡಿದಳು. ಬೇರೆ ಬೇರೆ ಊರುಗಳ ಕೇಳುಗರ ಗೆರೆಗಳನ್ನು ಅಂದಿನಿಂದ ಅವಳ ಗೆರೆಯ ಪಕ್ಕ ಇಟ್ಟು ಅಳೆಯತೊಡಗಿದರು.

ಸುದ್ದಿ ಕೇಳಿ ಮಗಳು ಕೆಂಡವಾದಳು. "ಅವರು ಹೇಳಿದ್ರು, ನೀನು ಒಪ್ಪಿಬಿಟ್ಟೆಯಾ? ಅಪ್ಪ ಸತ್ತಿದ್ದು ಅವರಿಗೆ ಅಳತೆಗೋಲಾಯ್ತಾ?"

"ಕೂಗ್ಬೇಡ. ಕೂತ್ಕೋ."

"ನಿನಗೆ ಏನೂ ಅನ್ನಿಸಲ್ವಾ ಅಮ್ಮಾ?"

ಅವಳು ಯೋಚಿಸಿದಳು. ಮಗಳಿಗೆ ಸುಳ್ಳು ಹೇಳುವ ಮನಸ್ಸಾಗಲಿಲ್ಲ. "ನೀನು ಬರೋದು ತಡವಾದ್ರೆ ಗಡಿಯಾರ ನೋಡ್ತೀನಿ. ಅಷ್ಟಿದೆ."

ಮಗಳ ಸಿಟ್ಟು ಎಲ್ಲಿ ಹೋಯಿತೋ. ಪಕ್ಕದಲ್ಲಿ ಕೂತು ಅಮ್ಮನ ಹೆಗಲಿಗೆ ತಲೆ ಆನಿಸಿದಳು. ಮರುದಿನದಿಂದ ಕೆಲಸ ಮುಗಿದ ತಕ್ಷಣ "ಹೊರಟೆ" ಎಂದು ಫೋನು ಮಾಡತೊಡಗಿದಳು. ಅವಳು "ಸರಿ" ಎಂದು ಇಡುತ್ತಿದ್ದಳು.