ಕೊಂಕಲ್‌ನ ಮೆತ್ತನೆಯ ನೆಲ

ಚಳಿಗಾಲವಿಡೀ ಹೊನ್ನಾವರದ ಅಳಿವೆಯಲ್ಲಿ ನೆಲ ಕುಟ್ಟಿ ನನಗೆ ಸಾಕುಸಾಕಾಗಿತ್ತು. ಕಟ್ಟಡ ನಿಲ್ಲುವ ಜಾಗದ ಮಣ್ಣಿಗೆ ಎಷ್ಟು ತಾಕತ್ತಿದೆ ಎಂದು ನೋಡುವುದು ನನ್ನ ಕೆಲಸ. ನೆಲದಲ್ಲಿ ಕುಳಿ ಕೊರೆದು, ಅದರೊಳಗೆ ಕಬ್ಬಿಣದ ಸಲಾಕೆ ನಿಲ್ಲಿಸಿ, ಅದರ ತಲೆಯ ಮೇಲೆ ಭಾರದ ಗುಂಡನ್ನು ಬಿಡುತ್ತೇವೆ. ಸಲಾಕೆ ಒಂದಡಿ ಇಳಿಯಲು ಎಷ್ಟು ಪೆಟ್ಟು ಬೇಕಾಯಿತೆಂದು ಎಣಿಸುತ್ತೇವೆ. ಹೆಚ್ಚು ಪೆಟ್ಟು ತಿಂದರೆ ಗಟ್ಟಿ ನೆಲ. ಕಡಲಂಚಿನ ಕೆಸರಿಗೆ ಪೆಟ್ಟೇ ಬೇಕಿರಲಿಲ್ಲ, ಸಲಾಕೆ ತನ್ನ ಭಾರಕ್ಕೇ ಇಳಿದುಹೋಗುತ್ತಿತ್ತು. ಹಾಗಾಗಿ ಬೇಸಿಗೆಯಲ್ಲಿ ಯಾದಗಿರಿ ಕಡೆಯ ಕೆಲಸ ಸಿಕ್ಕಾಗ ಖುಷಿಪಟ್ಟೆ. ಸುರಪುರದ ಹುಡುಗಿ ನಾನು. ಒಣಗಿ ಬಿರುಕುಬಿಟ್ಟ ಕಪ್ಪು ಎರಿ ಮಣ್ಣು ಎಷ್ಟು ಗಟ್ಟಿಯೆಂದು ನನಗೆ ಗೊತ್ತಿಲ್ಲವೇ!

ಕೊಂಕಲ್‌ನ ಮೇಲಿನ ಓಣಿಗೆ ನೀರಿನ ಟ್ಯಾಂಕ್ ಬರಬೇಕಿತ್ತು. ಜಾಗ ಕೊಟ್ಟವಳು ಆ ಓಣಿಯ ಕೊನೆಯ ಮನೆಯ ಸುಂದ್ರಮ್ಮ. ಓಣಿ ಎತ್ತರದಲ್ಲಿದೆ, ಹೆಂಗಸರು ದಿನವೂ ಕೆಳಗಿನ ಕೈಪಂಪಿನಿಂದ ಕೊಡ ಹೊತ್ತು ದಿಬ್ಬ ಹತ್ತಬೇಕು. ನೆಲ ಮೆತ್ತಗಿದೆ ಎಂದು ನಾನು ಬರೆದರೆ ಟ್ಯಾಂಕ್ ಕೆಳಗೆ ಶಾಲೆಯ ಹತ್ತಿರ ಹೋಗುತ್ತದೆ. ಅಲ್ಲಿಂದ ಈ ಓಣಿಗೆ ನೀರು ಏರುವುದಿಲ್ಲ. ಇದು ಸುಂದ್ರಮ್ಮನಿಗೂ ಚೆನ್ನಾಗಿ ಗೊತ್ತಿತ್ತು.

ನಮ್ಮ ತಂಡದ ಮೇಸ್ತ್ರಿ ಮೈನುದ್ದೀನ ಚಾಚಾ ಹಿಂದಿನ ದಿನ ಬೆಳಿಗ್ಗೆಯೇ ಅವಳ ಹೊಲದಲ್ಲಿ ಗೂಟ ಹೊಡೆದು ಹೋಗಿದ್ದರು. ನಾವು ಹೋದಾಗ ಗೂಟದ ಸುತ್ತ ಸಗಣಿ ಸಾರಿಸಿ ರಂಗೋಲಿ ಹಾಕಿತ್ತು. ನೆಲ ಹಸಿಯಾಗಿ ಕಂಡರೂ ಸಾರಿಸಿದ ಹಸಿ ಎಂದುಕೊಂಡೆ. ಬೇವಿನ ಮರದ ಕೆಳಗೆ ಓಣಿಯ ಹೆಂಗಸರೆಲ್ಲ ಮದುವೆಗೆ ಬಂದವರ ಹಾಗೆ ಕೂತಿದ್ದರು.

ಮೊದಲ ಪೆಟ್ಟಿಗೇ ಸಲಾಕೆ ಸರ್ರನೆ ಇಳಿಯಿತು.

“ಮೇಡಂ, ಹೊನ್ನಾವರ ನಮ್ಮ ಬೆನ್ನ ಹತ್ತಿ ಬಂದೈತಿ ನೋಡ್ರಿ,” ಎಂದು ಚಾಚಾ ನಕ್ಕರು.

ನನಗೆ ನಗು ಬರಲಿಲ್ಲ. ಇನ್ನೂ ಕೆಳಗೆ ಕೊರೆದೆವು. ಅಲ್ಲೂ ಅದೇ ಕಥೆ. ಸ್ವಲ್ಪ ಹೊತ್ತಿಗೆ ಹಸಿ ಮಣ್ಣು ಕುಸಿದು ಕುಳಿಯೇ ಮುಚ್ಚಿಹೋಯಿತು.

“ಯಾವ್ದೋ ಕಾಲುವಿ ನೀರು ಒಳಗೊಳಗ ಹರದು ಬಂದಿರಬೇಕ್ರಿ,” ಎಂದರು ಚಾಚಾ. ನನಗೂ ಹಾಗೆಯೇ ಅನಿಸಿತು.

ಅತ್ತ ಮರದ ಕೆಳಗೆ ಸಂಭ್ರಮವೋ ಸಂಭ್ರಮ. “ಹೆಂಗ ಇಳೀತು ನೋಡಬೇ!” ಎಂದು ಸುಂದ್ರಮ್ಮ ಪಕ್ಕದ ಮನೆಯ ಮಸ್ತಾನಬಿಯ ಬೆನ್ನಿಗೆ ಹೊಡೆದಳು. ಟ್ಯಾಂಕ್ ಕೈತಪ್ಪಿ ಹೋಗುತ್ತಿದೆ, ಇವರಿಗೆ ಹಬ್ಬ! ನನಗೆ ಮೈಯೆಲ್ಲ ಉರಿಯಿತು. ಈ ಜಾಗ ಆಗುವುದಿಲ್ಲ ಎಂದು ಆಫೀಸಿಗೆ ತಿಳಿಸಲು ಫೋನು ತೆಗೆದೆ. ಗಂಟಲು ಒಣಗಿತ್ತು.

“ಅಕ್ಕಾ, ಒಂದು ತಂಬಿಗಿ ನೀರು ಕೊಡ್ರಿ.”

ಸುಂದ್ರಮ್ಮನ ಮುಖ ಬಾಡಿತು. ಅವಳು ಮಸ್ತಾನಬಿಯನ್ನು ನೋಡಿದಳು, ಮಸ್ತಾನಬಿ ನೆಲ ನೋಡಿದಳು.

“ನೀರು ಇಲ್ರಿ ಮೇಡಂ. ಈಗ ಹೋಗಿ ತರತೀನಿ.”

“ಇಷ್ಟು ಮನಿ ಅದಾವು, ಯಾರ ಮನ್ಯಾಗೂ ಇಲ್ಲೇನ್ರಿ?”

“ಎಲ್ಲಾ ಇಲ್ಲೇ ಸುರುವೀವ್ರಿ,” ಎಂದು ಅವಳು ಗೂಟ ಇದ್ದ ಜಾಗ ತೋರಿಸಿದಳು. “ಹ್ವಾದ ತಿಂಗಳ ಲೈಟಿನ ಕಂಬ ಹಾಕಾವ್ರು ಬಂದಿದ್ರು. ನೆಲಕ್ಕ ಹಾರಿ ಇಳೀವಲ್ದು ಅಂತ ಕಂಬ ಹೊತಗೊಂಡು ಹೊಂಟೇ ಹೋದ್ರು. ನೀವೂ ಹಂಗ ಹೋಗಬಾರದಂತ, ನಿನ್ನಿ ಹೊತ್ತು ಮುಳುಗಾತನಕ ಎಲ್ಲಾರೂ ಕೊಡ ಹೊತ್ತು ಹೊತ್ತು ಆ ಬಿರುಕಿನ್ಯಾಗ ಹಾಕೀವಿ. ಎಷ್ಟ ಹಾಕಿದ್ರೂ ಕುಡದೇ ಕುಡೀತ್ರಿ.”

ಫೋನನ್ನು ಚೀಲದೊಳಗಿಟ್ಟೆ. ನನ್ನ ಕಣ್ಣು ತುಂಬಿ ಬಂತು, ಬೆನ್ನಿಗೇ ನಗುವೂ ಬಂತು. ದಿಬ್ಬ ಹತ್ತಿಸಿ ತಂದ ನೀರನ್ನು ಮನೆಗೆ ಒಂದು ತಂಬಿಗೆಯೂ ಉಳಿಸಿಕೊಳ್ಳದೆ ನಮಗಾಗಿ ನೆಲಕ್ಕೆ ಕುಡಿಸಿದ್ದರು. ಅವರ ಮೇಲೆಯೇ ನಾನು ಸಿಟ್ಟಾಗಿದ್ದೆ.

“ಅಕ್ಕಾ, ಸಲಾಕಿ ಸಲೀಸ ಇಳೀಬಾರದ್ರಿ. ನೆಲ ಅದನ್ನ ಒಳಗ ಬಿಟ್ಕೋಬಾರದು. ಅಂಥಾ ನೆಲದ ಮ್ಯಾಲೇ ಟ್ಯಾಂಕ್ ನಿಲ್ತೈತಿ.”

“ಅಯ್ಯ ನನ್ನವ್ವ!” ಎಂದು ಸುಂದ್ರಮ್ಮ ಹಣೆ ಚಚ್ಚಿಕೊಂಡಳು. “ನನ್ನ ಕೈಯಾರ ನಾನೇ ಟ್ಯಾಂಕ್ ಕೆಡಿಸಿದ್ನೇನ್ರಿ?”

“ಏನೂ ಕೆಟ್ಟಿಲ್ರಿ. ಹೊಲದ ಆ ತುದಿಗೆ ನೀರು ಹಾಕಿಲ್ಲಲ್ಲ? ನಾಳಿ ಅಲ್ಲಿ ನೋಡೂಣು.”

ಚಾಚಾ ಅಷ್ಟರಲ್ಲಿ ನಮ್ಮ ಗಾಡಿಯಿಂದ ಸಾಮಾನು ಇಳಿಸತೊಡಗಿದ್ದರು. “ಕೊಡ ತರ್ರಿ ಎಲ್ಲಾರೂ. ಮೊದಲು ನಿಮ್ಮ ಮನಿಗೆ ನೀರಾಗಲಿ,” ಎಂದರು. ಆ ಸಂಜೆ ಓಣಿಯ ಕೊಡಗಳೆಲ್ಲ ಗಾಡಿಯಲ್ಲಿ ಕೂತು ದಿಬ್ಬ ಹತ್ತಿದವು.

ಮರುದಿನ ಒಣ ಮೂಲೆಯಲ್ಲಿ ಕೊರೆಯಲು ಶುರುಮಾಡಿದೆವು. ಮೇಲಿನ ಎರಿ ಮಣ್ಣು ಕಲ್ಲಿನಷ್ಟು ಗಟ್ಟಿಯಿತ್ತು. ಆದರೆ ನಾನು ಅದನ್ನು ನಂಬಲಿಲ್ಲ, ಮಳೆ ಬಿದ್ದರೆ ಅದರ ಬುದ್ಧಿಯೇ ಬೇರೆ. ಕೆಳಗೆ ಜಲ್ಲಿಯಂಥ ಗಟ್ಟಿ ಗರಸು ಮಣ್ಣು ಸಿಗುವ ತನಕ ಇಳಿದೆವು. ಅಲ್ಲಿ ಸಲಾಕೆ ನಿಲ್ಲಿಸಿ ಗುಂಡು ಬಿಟ್ಟಾಗ ಠಣ್ ಎಂದಿತು. ಮತ್ತೆ ಬಿಟ್ಟೆವು, ಮತ್ತೆ ಠಣ್. “ಇಳೀಬ್ಯಾಡ, ಇಳೀಬ್ಯಾಡ,” ಎಂದು ಮಸ್ತಾನಬಿ ಸೆರಗು ಹಿಡಿದು ಗೊಣಗುತ್ತಿದ್ದಳು. ಚಾಚಾನ ಹುಡುಗರು ಬೆವರಿ ತೊಪ್ಪೆಯಾದರು, ಸಲಾಕೆ ಮಾತ್ರ ಜಗ್ಗಲಿಲ್ಲ.

“ಸಾಕು ಚಾಚಾ,” ಎಂದೆ.

“ಇಳೀಲಿಲ್ಲಲ್ರಿ?” ಎಂದಳು ಸುಂದ್ರಮ್ಮ, ಮೆಲ್ಲಗೆ.

“ಇಳೀಲಿಲ್ರಿ ಅಕ್ಕಾ. ಟ್ಯಾಂಕಿಗೆ ಈ ಜಾಗಾನೇ ಬರದು ಕೊಡತೀನಿ.”

ಅವಳು ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಮನೆಗೆ ಓಡಿದಳು. ತಿರುಗಿ ಬಂದಾಗ ಕೈಯಲ್ಲಿ ತುಂಬಿದ ತಂಬಿಗೆ ಇತ್ತು. ಚಾಚಾ ಗಾಬರಿಯಾಗಿ ಎರಡೂ ಕೈ ಚಾಚಿ ಕುಳಿಗೆ ಅಡ್ಡ ನಿಂತರು.

“ಬ್ಯಾಡ್ರಿ ಅಕ್ಕಾರ, ಮತ್ತ ಹಾಕಬ್ಯಾಡ್ರಿ!”

“ಸರೀರಿ ಅತ್ತ,” ಎಂದಳು ಸುಂದ್ರಮ್ಮ. “ಇದು ನೆಲಕ್ಕಲ್ಲ. ನಿನ್ನಿ ಕೇಳಿದ್ಲಲ್ಲ, ಆ ನಮ್ಮ ಹುಡಿಗಿಗೆ.”

ನಾನು ಒಂದು ಹನಿಯನ್ನೂ ಕೆಳಗೆ ಚೆಲ್ಲದೆ ಕುಡಿದೆ.