ಅಂದಿನ ಅರವತ್ತು

ನಾನು ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ನಾಲಿಗೆ ಈಗಲೇ ಬಿದ್ದುಹೋಗಲಿ. ಸಾಕ್ಷಿಗೆ ಚಿಕ್ಕಮ್ಮ ಇಲ್ಲೇ ಪಕ್ಕದಲ್ಲಿ ಸ್ವೆಟರ್ ಹೆಣೆಯುತ್ತ ಕೂತಿದ್ದಾಳೆ.

ಆಗ ಅವಳಿಗೆ ಐವತ್ತೆಂಟು. ಚರ್ಚಿನ ವಿಧವೆಯರ ಮನೆಯಲ್ಲಿ ಅವಳಿಗೊಂದು ಕೋಣೆ ಸಿಕ್ಕಿತ್ತು. ಅಷ್ಟರಲ್ಲಿ ಚರ್ಚಿನ ಹಿರಿಯರ ಸಭೆಗೆ ಹೊಸ ಅಧ್ಯಕ್ಷರು ಬಂದರು. ಬೈಬಲಿನಲ್ಲಿ ಮುದಿ ಅಪೊಸ್ತಲ ಎಳೆಯ ಸಭಾಪಾಲಕನಿಗೆ ಬರೆದ ಪತ್ರದಲ್ಲಿ, ಅರವತ್ತು ತುಂಬದ ವಿಧವೆಯನ್ನು ಸಭೆ ಸಾಕುವವರ ಪಟ್ಟಿಗೆ ಸೇರಿಸಕೂಡದು ಎಂದಿದೆಯಂತೆ. ಕೋಣೆ ಖಾಲಿ ಮಾಡಲಿ ಎಂದುಬಿಟ್ಟರು. ಚಿಕ್ಕಮ್ಮನಿಗೆ ಬೇರೆ ಸೂರಿರಲಿಲ್ಲ. ನಮ್ಮ ಮನೆಯಲ್ಲಿ ಅಣ್ಣನ ಪುಸ್ತಕಗಳಿಂದಾಗಿ ನನಗೇ ಜಾಗವಿರಲಿಲ್ಲ.

ಇನ್ನು ಅಣ್ಣನೇ ಗತಿ. ಆ ಅಪೊಸ್ತಲನ ಪತ್ರಗಳಿಗೆ ವ್ಯಾಖ್ಯಾನ ಬರೆಯುತ್ತಲೇ ಅವನ ತಲೆ ಬೋಳಾಗಿತ್ತು. ಹಸ್ತಪ್ರತಿ ಎಷ್ಟು ಭಾರವೆಂದರೆ, ಇಟ್ಟ ಕೂಡಲೇ ಹಿರಿಯರ ಸಭೆಯ ಮೇಜು ಮಂಡಿಯೂರಿತು. ಚಿಕ್ಕಮ್ಮನ ಪೆಟ್ಟಿಗೆ ಆಗಲೇ ಬಾಗಿಲ ಬಳಿ ಇತ್ತು.

"ಆ ಪತ್ರ ಹೋದ ಊರಲ್ಲಿ, ಆ ಕಾಲಕ್ಕೆ ಅರವತ್ತು ಅಂದ್ರೇನು ಅಂತ ನೋಡ್ಬೇಕು," ಅಣ್ಣ ಶುರುಮಾಡಿದ. "ಬಹಳ ಜನ ನಲವತ್ತೇ ದಾಟ್ತಿರಲಿಲ್ಲ. ಅರವತ್ತು ಅಂದ್ರೆ ಹಣ್ಣುಹಣ್ಣು ಮುದುಕಿ."

"ಹಾಗಾದ್ರೆ ಇವತ್ತಿನ ಲೆಕ್ಕಕ್ಕೆ ಎಷ್ಟಾಗುತ್ತೆ?" ಅಧ್ಯಕ್ಷರು ಕೇಳಿದರು.

ವಿದ್ವಾಂಸನಿಗೆ ಒಳ್ಳೆಯ ಪ್ರಶ್ನೆ ಸಿಕ್ಕಿದರೆ ಚಿಕ್ಕಮ್ಮ ನೆನಪಿರುತ್ತಾಳೆಯೇ? "ಎಂಬತ್ತು!" ಎಂದ, ಕಣ್ಣರಳಿಸಿ.

ಚಿಕ್ಕಮ್ಮ ಪೆಟ್ಟಿಗೆಯ ಹಿಡಿಗೆ ಕೈ ಹಾಕಿದಳು.

"ಬರ್ಕೊಳ್ಳಿ," ಅಧ್ಯಕ್ಷರು ಹೇಳಿದರು. "ಎಂಬತ್ತು."

ಹಿಂದಿನ ಬೆಂಚಿನಿಂದ ಒಂದು ಕೆಮ್ಮು. ಮೂರನೆಯ ಕೋಣೆಯ ಅಜ್ಜಿ, ಅಧ್ಯಕ್ಷರ ಹೆತ್ತ ತಾಯಿ, ವಯಸ್ಸು ಎಪ್ಪತ್ನಾಲ್ಕು.

"ಸರಿ ಮಗನೇ, ನನ್ನ ಗಂಟುಮೂಟೆ ನೀನೇ ಹೊರ್ತೀಯಾ? ಅತ್ತೆ ಬರ್ತಿದ್ದಾಳೆ ಅಂತ ಹೆಂಡ್ತಿಗೆ ಹೇಳಿದೀಯೋ, ಇಲ್ವೋ?"

ಅಧ್ಯಕ್ಷರ ಮುಖ ಸುಣ್ಣವಾಯಿತು. ಅಣ್ಣನ ಕಡೆ ತಿರುಗಿ, "ಸ್ವಾಮೀ, ಆ ನಿಯಮ... ಆ ಒಂದು ಊರಿಗೆ ಮಾತ್ರ ಇರಬಹುದಾ?" ಎಂದರು.

"ಅದನ್ನೇ ಅಲ್ವಾ ಸಾವಿರ ಪುಟ ಬರ್ದಿರೋದು! ಮೊದಲೇ ಕೇಳಬಾರದಿತ್ತಾ?"

ಕೋಣೆ ಉಳಿಯಿತು. ಇನ್ನು ಕೇಳಿ, ಮಂಡಿಯೂರಿದ್ದ ಮೇಜು ತಾನಾಗಿಯೇ ಎದ್ದು ನಿಂತಿತು. ಚಿಕ್ಕಮ್ಮನ ಪೆಟ್ಟಿಗೆಯನ್ನು ಬೆನ್ನ ಮೇಲೆ ಹೊತ್ತು, ಮೆಟ್ಟಿಲು ಹತ್ತಿ, ನೇರ ಅವಳ ಕೋಣೆಗೆ—

"ಚಿಕ್ಕಮ್ಮಾ, ಎಲ್ಲಿಗೆದ್ದೆ? ಸಾಕ್ಷಿ ಹೇಳ್ದೇ ಹೋಗ್ತಿದ್ದೀಯಲ್ಲ! ಅಯ್ಯೋ, ಅದೇ ಕೋಣೆಗೆ ಹೋಗಿ ಒಳಗಿಂದ ಚಿಲಕ ಯಾಕೆ ಹಾಕ್—"