ಒಗೆದಿಟ್ಟ ಬೆಡ್‌ಶೀಟು

"ನಾಯಿ ಹಾಗೆ ಎಲ್ಲೆಲ್ಲಿಂದಲೋ ಬಂದು ಇಲ್ಲೇ ಮರಿ ಹಾಕ್ಬೇಕಾ? ನಿಮ್ಮೂರಿಗೆ ಹೋಗಿ ಹೆರೋಕೇನೇ ರೋಗ?"

ಹೆರಿಗೆ ವಾರ್ಡಿನ ದೊಡ್ಡ ಸಿಸ್ಟರು ಬೈಯುತ್ತಿದ್ದುದು ನನ್ನ ಸೊಸೆಯನ್ನು. ಅವಳು ಬೆಂಚಿನ ಅಂಚು ಹಿಡಿದು ಹಲ್ಲು ಕಚ್ಚಿಕೊಂಡಿದ್ದಳು. ಇದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವವರು ನಾವಿಬ್ಬರೂ. ಮೇಲೆ ಹೆತ್ತವರ ರಕ್ತ, ಹೇಲು, ವಾಂತಿ ಎಲ್ಲ ಗಂಟಾಗಿ ಗೋಡೆಯ ಕಿಂಡಿಯಿಂದ ನಮ್ಮ ಮುಂದೆ ಬಂದು ಬೀಳುತ್ತದೆ. ಸೇರಿದ ಹೊಸದರಲ್ಲಿ ಆ ನಾತಕ್ಕೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ತೌರು ಎರಡು ದಿನದ ರೈಲು ದೂರ ಸಿಸ್ಟರ್. ರಜಾ ಕೇಳಿದ್ರೆ ಕೆಲ್ಸ ಬಿಟ್ಟು ಹೋಗು ಅಂದ್ರು," ಎಂದೆ. "ರಕ್ತ ಹೋಗ್ತಾ ಇದೆ, ಒಂದ್ಸಲ ನೋಡಿ."

"ಇಲ್ಲಿಯೋರಿಗೇ ಮಂಚ ಇಲ್ಲ. ಮೊದ್ಲು ನೆಲ ಒರೆಸು, ಹೊಲಸು!"

ಥೂ ಅವಳ ಬಾಯಿಗಿಷ್ಟು! ಎರಡು ಮಂಚ ಖಾಲಿ ಬಿದ್ದಿದ್ದವು. ಅವುಗಳ ಮೇಲಿನ ಬೆಡ್‌ಶೀಟು ನಾನು ಒಗೆದದ್ದು, ತುಂಬು ಬಸುರಿ ಸೊಸೆ ಇಸ್ತ್ರಿ ಹಾಕಿದ್ದು. ಹೊಲಸು ತೊಳೆಯುವಾಗ ನಾವು ಇಲ್ಲಿಯವರು, ಹೆರುವಾಗ ಮಾತ್ರ ಪರದೇಶಿಗಳು.

ಅಷ್ಟು ಜನರೆದುರು ಸೊಸೆಯ ರಕ್ತವನ್ನು ನಾನೇ ಒರೆಸಿದೆ. ಆಮೇಲೆ ಅವಳ ತೋಳಿಗೆ ಹೆಗಲು ಕೊಟ್ಟು ಕೆಳಗಿಳಿಸಿದೆ.

ಒಗೆದ ಬಟ್ಟೆಯ ಕಪಾಟಿನ ಹತ್ತಿರ ಕಾಲು ತೊಳೆಯದೆ ಹೋಗಬಾರದು ಎಂದು ಕಟ್ಟಪ್ಪಣೆ. ರಕ್ತದ ಕಾಲಲ್ಲೇ ಹೋಗಿ, ಕೈಗೆ ಸಿಕ್ಕಷ್ಟು ಶೀಟು ಎಳೆದು ಹಾಸಿ ಮಲಗಿಸಿದೆ.

"ಅತ್ತೆ, ಬೈತಾರೆ... ಇದು ಮೇಲಿನೋರ್ದು."

"ಅವರಪ್ಪನ ಗಂಟೇನೇ? ನೀನು ತಿಣುಕು ಮಗಳೇ!"

ಮಗು ಬಂತು, ಅತ್ತಿತು. ಆದರೆ ರಕ್ತ ನಿಲ್ಲಲಿಲ್ಲ.

ಕಿಂಡಿಯಿಂದ ಸಿಸ್ಟರಿನ ಕೂಗು ಕೇಳಿಸಿತು. "ಏಯ್, ಶೀಟೆಲ್ಲಿ ಸತ್ವೇ? ಹೆರಿಗೆ ಟೇಬಲ್ಲಿಗೆ ಹಾಸೋಕೇ ಇಲ್ಲ, ಡಾಕ್ಟರಮ್ಮ ಕಾಯ್ತಿದಾರೆ!"

ಕಿಂಡಿಗೆ ಬಾಯಿಟ್ಟು ಕಿರುಚಿದೆ. "ಶೀಟು ನನ್ನ ಸೊಸೆ ಅಡೀಲಿದೆ ಕಣೇ, ಮುಂಡೇ! ಡಾಕ್ಟರಮ್ಮನ್ನ ಕರ್ಕೊಂಡು ಇಳಿದು ಬಾ! ಅಲ್ಲೀತನಕ ಒಂದು ಚಿಂದೀನೂ ಮೇಲೆ ಬರಲ್ಲ!"

ಬಂದರು. ಡಾಕ್ಟರಮ್ಮ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹೊಸ್ತಿಲಲ್ಲೇ ನಿಂತಳು. ಸಿಸ್ಟರಿನ ಕಣ್ಣು ಸೊಸೆಯ ಮುಖಕ್ಕಲ್ಲ, ಶೀಟಿಗೆ ಹೋಯಿತು.

"ಎಲ್ಲ ಹಾಳು ಮಾಡಿದ್ಯಲ್ಲೇ! ಉಂಡ ಮನೆ ಜಂತಿ ಎಣಿಸೋ ಬುದ್ಧಿ!"

ಸೊಸೆಯ ಅಡಿಯಿಂದ ತೊಯ್ದ ಶೀಟನ್ನು ಎಳೆದು ಸಿಸ್ಟರಿನ ಬಿಳಿ ಬೂಟಿನ ಮೇಲೆ ಎಸೆದೆ. ಕಪಾಟಿನಿಂದ ಒಣಗಿದ್ದೊಂದನ್ನು ತೆಗೆದು ಸೊಸೆಯ ಅಡಿಗೆ ತುರುಕಿದೆ. ಅದೂ ಕೆಂಪಾಯಿತು. ಕಪಾಟಿನಲ್ಲಿ ಇನ್ನೊಂದೇ ಉಳಿದಿತ್ತು. ಡಾಕ್ಟರಮ್ಮ ಇನ್ನೂ ಹೊಸ್ತಿಲು ದಾಟಿರಲಿಲ್ಲ.